ರಂಜಾನ್ ಜರುಗಿತು, ಬೇಸಿಗೆ ಜರುಗಲಿಲ್ಲ

ಶಿವಾಜಿನಗರದಲ್ಲಿ ಶೇರ್ವಾನಿ ಹೊಲಿಯುವ ಅಮೀರನ ಅಂಗಡಿಗೂ ನನ್ನ ಗುಂಡಿ-ದಾರದ ಅಂಗಡಿಗೂ ನಡುವೆ ಒಂದೇ ಗೋಡೆ. ಮಿಷನ್ನಿನ ಸದ್ದು ಕೇಳಿಯೇ ಅವನು ಹೇಗಿದ್ದಾನೆಂದು ಹೇಳಬಲ್ಲೆ. ದೀಪಾವಳಿ ಕಳೆದು ಚಳಿ ಹಿಡಿಯಿತೆಂದರೆ ಆ ಸದ್ದು ಕುಂಟತೊಡಗುತ್ತದೆ. ಕತ್ತರಿ ಹಿಡಿದವನು ಬಟ್ಟೆಯನ್ನೇ ನೋಡುತ್ತ ಕೂತುಬಿಡುತ್ತಾನೆ. ಗಿರಾಕಿ ಕರೆದರೂ ತಲೆ ಎತ್ತುವುದಿಲ್ಲ.

"ರಂಜಾನ್ ಬರ್ಲಿ, ಎದ್ದು ಕೂರ್ತಾರೆ" ಎನ್ನುತ್ತಿದ್ದಳು ಅವನ ಹೆಂಡತಿ ಬಿಲ್ಕೀಸ್. ಅದು ಸುಳ್ಳೂ ಆಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ರಂಜಾನ್ ಬಿರುಬೇಸಿಗೆಯಲ್ಲಿ ಬೀಳುತ್ತಿದ್ದಾಗ ಅಮೀರನನ್ನು ಹಿಡಿಯುವವರೇ ಇರಲಿಲ್ಲ. ಹಗಲು ರೋಜಾದ ಉಪವಾಸ, ರಾತ್ರಿ ಹೊಲಿಗೆ, ಕಂಡಕಂಡವರಿಗೆಲ್ಲ ಹೊಸ ಬಟ್ಟೆಯ ಮಾತು. ಆ ತಿಂಗಳು ಬೀದಿಗೆ ಬೀದಿಯೇ ಎಚ್ಚರವಿರುತ್ತದೆ. ಅದರೊಳಗೆ ನಿದ್ದೆಗೆಟ್ಟವನೊಬ್ಬ ಕಾಣುವುದುಂಟೇ? ರಂಜಾನಿನ ಕೃಪೆ ಎಂದರು ಎಲ್ಲರೂ.

ನಮ್ಮ ಹಬ್ಬಗಳು ಅಧಿಕ ಮಾಸ ಸೇರಿಸಿಕೊಂಡು ಋತುವಿಗೆ ಅಂಟಿಕೊಂಡಿರುತ್ತವೆ. ರಂಜಾನ್ ಹಾಗಲ್ಲ, ವರ್ಷವರ್ಷವೂ ಹಿಂದಕ್ಕೆ ಜರುಗುತ್ತದೆ. ಜರುಗಿ ಜರುಗಿ ಈ ವರ್ಷ ಶಿವರಾತ್ರಿಯ ಬೆನ್ನಿಗೇ ಬಂತು. ಅಮೀರ್ ಏಳಲಿಲ್ಲ.

ಟೋಪಿ ಮಾರುವ ಖಾದರ್ ಅವನ ಬಾಗಿಲಲ್ಲಿ ನಿಂತು, "ಏನ್ ಮಿಯಾ, ಈದ್‌ಗೆ ನಿನ್ ಗಿರಾಕಿಗಳು ಲುಂಗೀಲಿ ನಮಾಜ್‌ಗೆ ಹೋಗ್ಬೇಕಾ?" ಎಂದು ಕೆಣಕಿದ.

ಅಮೀರ್ ನಗಲಿಲ್ಲ. "ಅಲ್ಲಾನೇ ನನ್ನ ಕೈ ಬಿಟ್ಬಿಟ್ಟ, ಖಾದರ್ ಭಾಯ್. ಇನ್ನು ಬದುಕಿ ಏನ್ ಮಾಡ್ಲಿ?"

ಗೋಡೆಯ ಈಚೆ ನನಗೂ ಅದು ಕೇಳಿಸಿತು. ಮಾರನೆಯ ಬೆಳಿಗ್ಗೆ ನಾನೂ ಬಿಲ್ಕೀಸಳೂ ಅವನನ್ನು ಆಸ್ಪತ್ರೆಗೆ ಕರೆದೊಯ್ದೆವು.

ಚಳಿಗಾಲದ ಮಂಕನ್ನೆಲ್ಲ ಬಿಲ್ಕೀಸ್ ಹೇಳಿದಳು. ಡಾಕ್ಟರಮ್ಮ ಕೇಳಿಸಿಕೊಂಡು, "ಬೇಸಿಗೇಲಿ ಹೆಂಗಿರ್ತಾರೆ?" ಎಂದರು.

"ಬೇಸಿಗೇಲಿ ಏನೂ ತೊಂದ್ರೆ ಇಲ್ಲ ಮೇಡಂ. ಹತ್ತಾಳಿನ ಕೆಲ್ಸ ಮಾಡ್ತಾರೆ. ರಂಜಾನ್ ಅಲ್ವಾ."

"ಹೋದ ಬೇಸಿಗೇಲೂ ರಂಜಾನ್ ಇತ್ತಾ?"

ಬಿಲ್ಕೀಸ್ ಬೆರಳು ಮಡಿಚಿ ತಿಂಗಳು ಎಣಿಸಿದಳು. ಹೋದ ವರ್ಷ ಬಿಸಿಲು ಬಲಿಯುವಷ್ಟರಲ್ಲಿ ರಂಜಾನ್ ಮುಗಿದುಹೋಗಿತ್ತು. ಆದರೂ ಮೇ ತಿಂಗಳಲ್ಲಿ ಅಮೀರ್ ಕಣ್ಣು ಮುಚ್ಚಿರಲಿಲ್ಲ. ಹೊಸ ಮಾದರಿ ಎಂದು ಮದುಮಗನೊಬ್ಬನ ಬಟ್ಟೆಯನ್ನು ಚೂರುಚೂರು ಮಾಡಿದ್ದ. ತಡೆಯಲು ಹೋದ ಹೆಂಡತಿಯ ಮೇಲೆ ಕತ್ತರಿ ಎಸೆದಿದ್ದ. ಯಾರದೋ ದೃಷ್ಟಿ ತಾಗಿತೆಂದುಕೊಂಡು ಅವಳು ಯಾರಿಗೂ ಹೇಳಿರಲಿಲ್ಲ. ಈಗ ತಲೆ ತಗ್ಗಿಸಿ ಎಲ್ಲ ಹೇಳಿದಳು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕೆಲವರಿಗೆ ಚಳಿಗಾಲದಲ್ಲಿ ಖಿನ್ನತೆ ಬಂದು ಬಿಸಿಲಿಗೆ ತಾನೇ ಇಳಿಯುತ್ತದೆ, ಅಷ್ಟೇ. ಅಮೀರನದು ಅದಲ್ಲ, ಬೈಪೋಲಾರ್ ಕಾಯಿಲೆ. ಚಳಿಯಲ್ಲಿ ಕುಸಿಯುವ ಮನಸ್ಸು ಬೇಸಿಗೆಯಲ್ಲಿ ಮಿತಿಮೀರಿ ಏರುತ್ತದೆ. ಖಿನ್ನತೆಯೊಂದಕ್ಕೇ ಮದ್ದು ಕೊಟ್ಟರೆ ಆ ಏರಿಕೆ ಕೆರಳಬಹುದು. ಇಷ್ಟು ವರ್ಷ ನಾವು ಹಾವು ಬಿಟ್ಟು ಹುತ್ತ ಬಡಿದಿದ್ದೆವು.

"ಹಂಗಾದ್ರೆ ನನ್ನ ರಂಜಾನ್ ಎಲ್ಲಾ ಕಾಯಿಲೆನಾ?" ಆ ದಿನ ಅಮೀರ್ ಆಡಿದ ಮೊದಲ ಮಾತು ಅದು.

"ರೋಜಾ ಇಟ್ಟಿದ್ದು ನೀವು ರೀ. ನಿದ್ದೆ ಕೆಡಿಸಿದ್ದು ಕಾಯಿಲೆ" ಎಂದಳು ಬಿಲ್ಕೀಸ್.

ಹೊತ್ತುಹೊತ್ತಿಗೆ ಮಾತ್ರೆ, ದೇಹ ಒಣಗದಂತೆ ಚೆನ್ನಾಗಿ ನೀರು, ಈ ಸಲ ಉಪವಾಸ ಬೇಡ ಎಂದು ಡಾಕ್ಟರಮ್ಮ ಹೇಳಿದಾಗ ಅವನ ಮುಖ ಕಪ್ಪಿಟ್ಟಿತು. ಮೀಸೆ ಮೂಡುವ ಮುಂಚಿನಿಂದಲೂ ಒಂದು ರೋಜಾ ಬಿಟ್ಟವನಲ್ಲ. ಮಾತ್ರೆ ಜೇಬಿನಲ್ಲೇ ಉಳಿಯಿತು.

"ಕಾಯಿಲೆಯವನಿಗೆ ರೋಜಾ ಇಲ್ಲ ಅಂತ ನಿಮ್ಮೋರೇ ಹೇಳ್ತಾರಲ್ಲಪ್ಪ" ಎಂದೆ.

"ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ತಾರೆ ಅಣ್ಣಾ. ಇದನ್ನ ಎಲ್ಲಿ ಮುಟ್ಟಿ ನೋಡ್ತಾರೆ?"

ಅದಕ್ಕೆ ಉತ್ತರ ಕೊಟ್ಟವಳು ಬಿಲ್ಕೀಸ್. ಅಂಗಡಿಗೆ ಬಂದು ಅವನ ದೊಡ್ಡ ಕತ್ತರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡಳು. "ಮಾತ್ರೆ ತಗೊಂಡ ದಿನ ಕೊಡ್ತೀನಿ. ಬೇಸಿಗೆ ಬರ್ತಾ ಇದೆ. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಮರುದಿನ ಮಧ್ಯಾಹ್ನ ಅಮೀರ್ ನನ್ನ ಅಂಗಡಿಗೆ ಬಂದ. ಅಂಗೈಯಲ್ಲಿ ಮಾತ್ರೆ ಇತ್ತು. "ನೀರು ಕೊಡಿ ಅಣ್ಣಾ." ಲೈನಿಂಗ್ ಬಟ್ಟೆಯ ಥಾನುಗಳ ಮರೆಗೆ ಸರಿದು, ಕಳ್ಳನಂತೆ ಲೋಟ ಎತ್ತಿದ.

ಅಷ್ಟರಲ್ಲಿ ಖಾದರ್ ಬಾಗಿಲಿಗೆ ಬಂದವನು ಕಂಡೇಬಿಟ್ಟ. ಅಮೀರ್ ಲೋಟ ಮರೆಮಾಡಲು ನೋಡಿದ. ಖಾದರ್ ಬೀದಿಯ ಕಡೆಗೆ ಮುಖ ತಿರುಗಿಸಿ, ಬಾಗಿಲಿಗೆ ಅಡ್ಡವಾಗಿ ನಿಂತುಕೊಂಡ.

ಅಮೀರ್ ಲೋಟ ಬರಿದು ಮಾಡಿ, ಇನ್ನೊಂದು ಲೋಟ ಕೇಳಿದ.