ಗುತ್ಯಪ್ಪನ ಆರು ಗಂಟೆಯ ಕರೆ

ಸಿಗಂದೂರಿನ ಸೇತುವೆ ಇನ್ನೂ ಆಗಿರಲಿಲ್ಲ. ಹಿನ್ನೀರು ದಾಟಲು ಲಾಂಚೇ ಗತಿ. ಆ ಲಾಂಚಿನಲ್ಲಿ ಗುತ್ಯಪ್ಪ ಇಪ್ಪತ್ತು ವರ್ಷದಿಂದ ಹಗ್ಗ ಕಟ್ಟುವ, ಬಸ್ಸು ಕಾರುಗಳನ್ನು ಹಿಂದೆ ಮುಂದೆ ಮಾಡಿಸಿ ನಿಲ್ಲಿಸುವ ಕೆಲಸ ಮಾಡುತ್ತಿದ್ದ. ಓದಿದ್ದು ಏಳನೇ ಕ್ಲಾಸು. ಮಾತು ಕಡಿಮೆ. ಮಕ್ಕಳಿಲ್ಲದ ಮನೆಯಲ್ಲಿ ಅವನ ಪಾಲಿನ ಮಾತನ್ನೂ ಹೆಂಡತಿ ಕುಮುದಾಳೇ ಆಡಿ ಮುಗಿಸುತ್ತಿದ್ದಳು.

ಕುಮುದಾ ಪಿಯುಸಿ ಓದಿದವಳು. ಊರವರಿಗೆ ಪಹಣಿ ತೆಗೆದುಕೊಡಲು, ಅರ್ಜಿ ತುಂಬಿಕೊಡಲು ನಡುಮನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದಳು. ಅವರ ಊರಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಸಿಡಿಲು ಹೊಡೆದು ರೂಟರಿನ ವೈ-ಫೈ ಹೋದ ಮೇಲೆ, ಕೇಬಲ್ ಚುಚ್ಚಿದ ಆ ಕಂಪ್ಯೂಟರಿಗೆ ಮಾತ್ರ ನೆಟ್ ಬರುತ್ತಿತ್ತು. ಗುತ್ಯಪ್ಪ ಅದನ್ನು ಮುಟ್ಟಿದವನೇ ಅಲ್ಲ. "ಅದು ನಿಂದು ಮಾರಾಯ್ತಿ, ನಂಗೆ ಬ್ಯಾಡ" ಅನ್ನುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಕುಮುದಾಳಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಾಲದಾಯಿತು. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಎಂದರು ಡಾಕ್ಟರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವ ಹಾಗಿಲ್ಲ. ಕುಮುದಾಳ ತಂಗಿ ಸುಮನಾ ಜೊತೆಗೆ ನಿಂತಳು. ಗುತ್ಯಪ್ಪ ಎರಡು ದಿನ ಹೊರಗಿನ ವರಾಂಡದಲ್ಲಿ ಮಲಗಿದ. ಮೂರನೇ ದಿನ ಕುಮುದಾಳೇ ಅವನನ್ನು ಅಟ್ಟಿದಳು.

"ಇಲ್ಲಿ ಗೋಡೆ ನೋಡ್ಕಂಡ್ ಕೂತು ಏನ್ಮಾಡ್ತೀರಿ? ಎಮ್ಮೆ ಗಬ್ಬ ಆಗಿದೆ. ಭಾನುವಾರ ಭಾನುವಾರ ಬನ್ನಿ ಸಾಕು. ದಿನಾ ಸಂಜೆ ಆರಕ್ಕೆ ಕಂಪ್ಯೂಟರಲ್ಲಿ ಮಾತಾಡಾಣ."

ಯಾವ ಗುಂಡಿ ಒತ್ತಬೇಕು, ಎಲ್ಲಿ ಕ್ಲಿಕ್ ಮಾಡಬೇಕು ಎಂದು ಔಷಧಿ ಚೀಟಿಯ ಹಿಂದೆ ಬರೆದುಕೊಟ್ಟಳು. ಮನೆಗೆ ಒಂದೇ ಇದ್ದ ದೊಡ್ಡ ಮೊಬೈಲು ಅವಳ ಹತ್ತಿರ ಉಳಿಯಿತು.

ಮೊದಲ ಸಂಜೆ ಪರದೆಯ ಮೇಲೆ ಅವಳ ಮುಖ ಬಂತು. ಮೂಗಿಗೆ ಆಕ್ಸಿಜನ್ ನಳಿಕೆ. ಗುತ್ಯಪ್ಪ ಮಧ್ಯಾಹ್ನದಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದ. ಅದು ಬಾಯಿಗೆ ಬರುವಷ್ಟರಲ್ಲಿ ಚಿತ್ರ ನಿಂತುಹೋಯಿತು. ನೆಟ್ ಇಲ್ಲ. ಐದು ನಿಮಿಷ ಬಿಟ್ಟು ತಾನಾಗಿಯೇ ಬಂತು, ಮತ್ತೆ ಹೋಯಿತು.

"ಹಿಂದ್ಗಡೆ ವೈರ್ ಚುಚ್ಚಿದ ಜಾಗದಲ್ಲಿ ಹಸಿರು ದೀಪ ಉರೀತಿದ್ಯಾ ನೋಡಿ," ಅಂದಳು ಮಾರನೆಯ ದಿನ.

ಅವನು ಟಾರ್ಚು ಹಿಡಿದು ಮೇಜಿನ ಕೆಳಗೆ ನುಗ್ಗಿದ. "ಉರೀತಿದೆ... ಹೋಯ್ತು... ಈಗ ಇಲ್ಲ."

"ವೈರ್ ತೆಗ್ದು ಮತ್ತೆ ಹಾಕಿ. ಟಕ್ ಅಂತ ಸದ್ದು ಬರ್ಬೇಕು."

ಸದ್ದು ಬರಲಿಲ್ಲ. ವೈರಿನ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಮರುದಿನ ರಜೆ ಹಾಕಿ ಸಾಗರಕ್ಕೆ ಹೋಗಿ ಹೊಸ ಕೇಬಲ್ ತಂದ. ಟಕ್ ಅಂತು. ಆದರೂ ನೆಟ್ ಹೋಗುವುದು ನಿಲ್ಲಲಿಲ್ಲ. ರೂಟರಿನ ಬೇರೆ ತೂತಿಗೆ ಚುಚ್ಚಿಸಿದಳು. ರೂಟರನ್ನು ಆರಿಸಿ ಹತ್ತು ಎಣಿಸಿ ಹಚ್ಚಿಸಿದಳು. ನೆಟ್ ಕಂಪನಿಯವರು ಬಂದು ಕಂಬದ ಲೈನು ನೋಡಿ, "ನಮ್ಮ ಲೈನು ಸರಿ ಇದೆ, ನಿಮ್ಮ ಕಂಪ್ಯೂಟರಲ್ಲೇ ಏನೋ ಆಗಿದೆ" ಎಂದು ಹೋದರು.

ಹೀಗೆ ಮೂರು ವಾರ. ಆರು ಗಂಟೆಗೆ ಸಿಗುತ್ತಿದ್ದ ನಾಲ್ಕೈದು ನಿಮಿಷವೆಲ್ಲ ವೈರು, ದೀಪ, ತೂತುಗಳಲ್ಲೇ ಮುಗಿಯುತ್ತಿತ್ತು. ಭಾನುವಾರ ವಾರ್ಡಿನ ಗದ್ದಲದಲ್ಲಿ ಅವಳ ಮಂಚದ ಪಕ್ಕ ನಿಂತಾಗಲೂ ಗುತ್ಯಪ್ಪನ ಬಾಯಿಂದ ಬಂದದ್ದು ಕೇಬಲಿನ ಸುದ್ದಿಯೇ. ಹೆದರಬೇಡ, ನಾನಿದ್ದೀನಿ ಎಂದು ಹೇಳಬೇಕು ಅಂದುಕೊಂಡೇ ಹೋಗುತ್ತಿದ್ದ. ಹೇಳದೆ ಕೊನೆಯ ಲಾಂಚಿಗೆ ವಾಪಸು ಬರುತ್ತಿದ್ದ. ಪ್ರತಿ ಸಲ ಹೋದಾಗಲೂ ಅವಳು ಇನ್ನಷ್ಟು ಸೊರಗಿರುತ್ತಿದ್ದಳು.

ನಾಲ್ಕನೇ ವಾರ, ಒಂದು ಬುಧವಾರ, ಕುಮುದಾ ಮಾತಾಡಲಿಲ್ಲ. ಬಾಯಿ ಮೂಗು ಮುಚ್ಚುವ ಮಾಸ್ಕ್ ಹಾಕಿದ್ದರು. ಸುಮನಾಳೇ ಹೇಳಿದಳು, "ಭಾವಾ, ಅಕ್ಕಂಗೆ ಏನೋ ನೆನಪಾಗಿದೆಯಂತೆ. ಕರೆಂಟ್ ಉಳಿಸೋಕೆ ಕಂಪ್ಯೂಟರೇ ಆಗಾಗ ನೆಟ್ಟಿನ ಭಾಗವನ್ನ ಆರಿಸಿಬಿಡ್ತದಂತೆ. ಅದನ್ನ ಬಿಡಿಸ್ಬೇಕಂತೆ. ಪೆನ್ನು ತಗೊಳ್ಳಿ."

ಕುಮುದಾ ಒಂದು ಹಾಳೆಯಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು. ಸುಮನಾ ಅದನ್ನು ಕ್ಯಾಮೆರಾಕ್ಕೆ ಹಿಡಿದಳು. ಗುತ್ಯಪ್ಪ ಒಂದೊಂದೇ ಅಕ್ಷರ ನೋಡಿ ಬರೆದುಕೊಂಡ. ನಡುವೆ ಎರಡು ಸಲ ಕರೆ ಕಡಿದುಹೋಯಿತು. ಆಮೇಲೆ ಹಾಳೆಯನ್ನು ಪರದೆಯ ಪಕ್ಕದಲ್ಲಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಹೋಲಿಸುತ್ತ ಡಿವೈಸ್ ಮ್ಯಾನೇಜರ್ ತೆಗೆದ, ನೆಟ್‌ವರ್ಕ್ ಎಂದಿದ್ದ ಸಾಲು ಹುಡುಕಿದ, ಪವರ್ ಎಂದಿದ್ದ ಪುಟಕ್ಕೆ ಹೋಗಿ ಒಂದು ಚೌಕದೊಳಗಿನ ಟಿಕ್ ಗುರುತು ತೆಗೆದ. ಅಷ್ಟಕ್ಕೆ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಮತ್ತೆ ಕರೆ ಮಾಡಿದ. ಐದು ನಿಮಿಷವಾಯಿತು. ಹತ್ತಾಯಿತು. ಚಿತ್ರ ನಿಲ್ಲಲಿಲ್ಲ.

ಕುಮುದಾ ಕೈ ಎತ್ತಿ ಹೆಬ್ಬೆರಳು ತೋರಿಸಿದಳು. ಅವಳಿಗೆ ಮಾತಾಡುವ ಶಕ್ತಿ ಇರಲಿಲ್ಲ, ಅವನಿಗೆ ಮಾತು ಬರಲಿಲ್ಲ. ಅವಳು ನಿದ್ದೆ ಹೋಗುವವರೆಗೆ, ಮುಕ್ಕಾಲು ಗಂಟೆ, ಹಾಗೇ ನೋಡುತ್ತ ಕೂತ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗುತ್ತಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಅವಳು ತೀರಿಕೊಂಡಳು. ಗುತ್ಯಪ್ಪ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅವಳನ್ನು ಹೊತ್ತ ಆಂಬ್ಯುಲೆನ್ಸನ್ನು ಲಾಂಚಿಗೆ ಹತ್ತಿಸಿದಾಗ ಜೊತೆಗಾರರು ಅವನಿಗೆ ಹಗ್ಗ ಮುಟ್ಟಲು ಬಿಡಲಿಲ್ಲ.

ಹನ್ನೊಂದನೇ ದಿನದ ಕೆಲಸ ಕಳೆದು ನೆಂಟರೆಲ್ಲ ಹೋದ ಮೇಲೆ ಸುಮನಾ ಒಬ್ಬಳೇ ಉಳಿದಿದ್ದಳು. ಜಗುಲಿಯಲ್ಲಿ ಕೂತಿದ್ದ ಗುತ್ಯಪ್ಪ ತಾನಾಗಿಯೇ ಬಾಯಿಬಿಟ್ಟ.

"ಒಂದು ತಿಂಗಳು ಸಿಕ್ಕಿತ್ತು ಕಣೆ ಸುಮನಾ. ಅವಳ ಹತ್ರ ಬರೀ ವೈರಿನ ಮಾತಾಡಿ ಕಳೆದ್ಬಿಟ್ಟೆ. ಹೆಂಗಿದೀಯ ಅಂತ ಸಹ ನೆಟ್ಟಗೆ ಕೇಳ್ಲಿಲ್ಲ."

ಸುಮನಾ ಹತ್ತಿರ ಬಂದು ಕೂತಳು.

"ಭಾವಾ, ನಿಮಗೆ ಗೊತ್ತಿಲ್ಲ. ಕರೆ ಮುಗಿದ ಮೇಲೆ ಅಕ್ಕ ಪಕ್ಕದ ಮಂಚದವರಿಗೆಲ್ಲ ಹೇಳೋಳು. ನಮ್ಮನೆಯವ್ರು ಇವತ್ತು ಮೇಜಿನ ಕೆಳಗೆ ಹೋಗಿ ದೀಪ ನೋಡಿದ್ರು, ನಮ್ಮನೆಯವ್ರು ಸಾಗರದಿಂದ ಕೇಬಲ್ ತಂದು ತಾವೇ ಹಾಕಿದ್ರು ಅಂತ. ನರ್ಸಮ್ಮಂಗೂ ಹೇಳಿದ್ಲು. ಐದೂವರೆಗೇ ತಲೆ ಬಾಚಿಸ್ಕೊಂಡು ಕೂರೋಳು. ಮಾಸ್ಕ್ ಹಾಕಿದ ದಿನವೂ ಬಾಚಿಸ್ಕೊಂಡ್ಲು."

ಸಾವಿನ ಮನೆಯಲ್ಲೂ ಮಸಣದಲ್ಲೂ ಅಳದಿದ್ದ ಗುತ್ಯಪ್ಪ ಆಗ ಅತ್ತ. ಹೆಗಲ ಮೇಲಿನ ಟವಲನ್ನು ಮುಖಕ್ಕೆ ಒತ್ತಿಕೊಂಡು, ಸದ್ದು ಬರದ ಹಾಗೆ, ತುಂಬಾ ಹೊತ್ತು ಅತ್ತ. ಸುಮನಾ ಒಳಗೆ ಹೋಗಿ ಒಲೆ ಹಚ್ಚಿ, ಇಬ್ಬರಿಗೂ ಗಂಜಿಗೆ ಎಸರಿಟ್ಟಳು.