ವ್ಯಾನಿನ ನೆಲದ ಎಡ ಮೂಲೆ

ನನ್ನ ಯಜಮಾನರು ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡ ವರ್ಷ, ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ನಾನು ವೆಲ್ಡಿಂಗ್ ಕಲಿತೆ. ಕಲಿತೆ ಅನ್ನುವುದು ದೊಡ್ಡ ಮಾತಾಯಿತು. ತಗಡಿಗೆ ತೂತು ಹಾಕುವುದನ್ನು ಕಲಿತೆ.

ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಗೆ ನಮ್ಮ ಶೆಡ್ಡು, ಹಿಂದೆಯೇ ಮನೆ. ಹಳೇ ಜೀಪು, ಕಾರುಗಳ ತುಕ್ಕು ಹಿಡಿದ ಬಾಡಿ ಸರಿಮಾಡಿಕೊಡುವ ಕೆಲಸ. ಇದ್ದೊಬ್ಬ ವೆಲ್ಡರ್ ಹಿರಿಯೂರಿನಲ್ಲಿ ತನ್ನದೇ ಶೆಡ್ಡು ಹಾಕಿಕೊಂಡು ಹೋಗಿದ್ದ. ಆಗ ನಮ್ಮಲ್ಲಿ ನಿಂತಿದ್ದದ್ದು ಒಂದೇ ವ್ಯಾನು, ಚಿಕ್ಕಜಾಜೂರು ಸ್ಟೇಷನ್ನಿನಿಂದ ಹೊಳಲ್ಕೆರೆಗೆ ಜನ ಸಾಗಿಸುತ್ತಿದ್ದದ್ದು. ಹಿಂದಿನ ಸೀಟಿನ ಹತ್ತಿರ ನೆಲ ಅನ್ನುವುದೇ ಇರಲಿಲ್ಲ, ಬಗ್ಗಿ ನೋಡಿದರೆ ಶೆಡ್ಡಿನ ಮಣ್ಣು ಕಾಣುತ್ತಿತ್ತು. ಸೋಮವಾರ ಅದು ಎಫ್.ಸಿ.ಗೆ, ಅಂದರೆ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟಿಗೆ, ಬ್ರೇಕ್ ಇನ್ಸ್‌ಪೆಕ್ಟರ ಮುಂದೆ ನಿಲ್ಲಬೇಕು.

ವ್ಯಾನಿನ ಮಾಲೀಕರು ಹೊಸದುರ್ಗದ ಒಬ್ಬ ಸಾವುಕಾರರು. "ಭಾನುವಾರ ಬರ್ತೀನಿ. ಆಗಿರ್ಲಿಲ್ಲ ಅಂದ್ರೆ ದಾವಣಗೆರೆಗೆ ಒಯ್ತೀನಿ ನೋಡ್ರಿ. ಉಳಿದ ಮೂರು ವ್ಯಾನೂ ಇನ್ಮೇಲೆ ಅಲ್ಲಿಗೇ," ಅಂದು ಹೋದರು.

"ನಾನು ಹೇಳ್ತೀನಿ, ನೀನು ಮಾಡು," ಅಂದರು ಯಜಮಾನರು, ಪ್ಲಾಸ್ಟರ್ ಹಾಕಿದ ಕೈಯನ್ನು ಮಗುವಿನ ಹಾಗೆ ಎದೆಗವಚಿಕೊಂಡು.

ನಾನು ಉಟ್ಟಿದ್ದು ನೈಲಾನ್ ಸೀರೆ. "ಮೈ ಸುಟ್ಕಂತೀಯ, ಹತ್ತಿ ಸೀರೆ ಉಟ್ಕಂಬಾ ಹೋಗು," ಅಂತ ವಾಪಸ್ ಕಳಿಸಿದರು. ಹತ್ತಿ ಸೀರೆ, ಮೇಲೆ ಅವರ ಖಾಕಿ ಅಂಗಿ, ಕಣ್ಣಿಗೆ ಕಪ್ಪು ಕನ್ನಡಕ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. "ನಿಮ್ಮಪ್ಪ ಕಾನ್ವೆಂಟಿಗೆ ಕಳ್ಸಿದ್ದು ಇದಕ್ಕೇನವ್ವ?"

ವೆಲ್ಡಿಂಗ್ ಗ್ಯಾಸು ಹುಟ್ಟಿಸುವ ಕಾರ್ಬೈಡ್ ಡಬ್ಬಿಯ ಬೆಳ್ಳುಳ್ಳಿಯಂಥ ನಾತ ತಲೆಕೂದಲಿಗೆಲ್ಲ ಹತ್ತಿಕೊಳ್ಳುತ್ತಿತ್ತು. ಉರಿಯ ಒಳಗಿನ ನೀಲಿ ಮೊನೆ ತಾಗಿದ ಕಡೆ ತಗಡು ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿ, ಆಮೇಲೆ ಬೆವರ ಹನಿಯ ಹಾಗೆ ಹೊಳೆಯುತ್ತದೆ. ಆ ಕ್ಷಣಕ್ಕೆ, ಕರಗಿ ಬೆಸುಗೆಯಾಗುವ ತಂತಿ ಮುಟ್ಟಿಸಬೇಕು. ನಾನು ಹೊಳಪು ನೋಡುತ್ತಾ ಉಳಿದರೆ ಹನಿ ಕೆಳಗೆ ಬಿದ್ದು ತೂತಾಗುತ್ತಿತ್ತು. ಹಳೇ ವಾಹನದ ತಗಡು ಅಷ್ಟು ತೆಳು, ತುಕ್ಕು ತಿಂದು ಇನ್ನೂ ತೆಳು.

"ನೋಡ್ತಾ ಕುಂತ್ಯಾ? ತಂತಿ ಕೊಡು, ತಂತಿ!"

"ಕೊಡ್ತಾ ಇದೀನಿ ರೀ."

"ಎಲ್ಲಿ ಕೊಟ್ಟೆ? ತೂತು ಬಿತ್ತು."

"ಬಿದ್ದಿದ್ದು ನನಗೂ ಕಾಣ್ತೈತೆ!"

ಮದುವೆಯಾದ ಅಷ್ಟು ವರ್ಷಗಳಲ್ಲಿ ಅವರಿಗೆ ಎದುರು ಮಾತಾಡಿದವಳಲ್ಲ ನಾನು. ಆ ವಾರ ದಿನಕ್ಕೆ ಹತ್ತು ಸಲ ಆಡಿದೆ.

ಮೂರನೇ ದಿನ ಕೈ ಒಂದಿಷ್ಟು ಕೂತಿತು. ಕಾನ್ವೆಂಟಿನಲ್ಲಿ ಕಸೂತಿ ಹೇಳಿಕೊಡುತ್ತಿದ್ದ ಸಿಸ್ಟರ್, ನಡುವೆ ಎಲ್ಲೂ ಬಿಡದ ಸಾಲಿಗೆ ಮಾತ್ರ ಚೆನ್ನಾಗಿದೆ ಅನ್ನುತ್ತಿದ್ದರು. ನಾನೂ ತೂತಿನ ಮೇಲಿಟ್ಟ ಹೊಸ ತಗಡಿನ ತೇಪೆಯ ಒಂದು ಅಂಚನ್ನು ಈ ತುದಿಯಿಂದ ಆ ತುದಿಗೆ ಒಂದೇ ಸಮ ಎಳೆದೆ. ಸಾಲು ಬಹಳ ಚಂದ ಬಂತು. ನೋಡನೋಡುತ್ತಾ ಕಾವಿಗೆ ತಗಡು ಪೂರಿಯ ಹಾಗೆ ಉಬ್ಬಿ ನಿಂತಿತು.

"ಲೇ, ಇದೇನು ಲಂಗದ ಅಂಚಾ?" ಅಂದರು. "ಇಲ್ಲೊಂದು ಚುಕ್ಕೆ, ಆ ತುದೀಲೊಂದು ಚುಕ್ಕೆ. ಆರೋಕೆ ಬಿಡು. ಆಮೇಲೆ ನಡುವೆ." ಅದನ್ನು ಮೊದಲೇ ಯಾಕೆ ಹೇಳಲಿಲ್ಲವೋ. ಕೇಳಿದರೆ "ಅದನ್ನೂ ಹೇಳ್ಬೇಕಾ?" ಅಂದರು. ಇಡೀ ತೇಪೆ ಕಿತ್ತು ಹಾಕಿದೆ. ತಗಡು ಆರಿಸಲು ಒದ್ದೆ ಗೋಣಿ ಪಕ್ಕದಲ್ಲಿಟ್ಟುಕೊಂಡು ಮತ್ತೆ ಚುಕ್ಕೆಯಿಂದ ಶುರು.

ಶನಿವಾರ ಮಧ್ಯಾಹ್ನಕ್ಕೆ ಉಳಿದದ್ದು ಎಡ ಮೂಲೆ. ಗಟ್ಟಿ ತಗಡು ಸಿಗುವ ತನಕ ತುಕ್ಕು ಕತ್ತರಿಸಬೇಕು ಅಂತ ಅವರು ಮೊದಲ ದಿನವೇ ಹೇಳಿದ್ದರು. ಆದರೆ ಕತ್ತರಿಸಿದಷ್ಟೂ ತೂತು ದೊಡ್ಡದಾಗುತ್ತದೆ. ಮುಚ್ಚಬೇಕಾದ್ದನ್ನು ಕೈಯಾರೆ ಹಿಗ್ಗಿಸುವುದು ನನಗೆ ಸಂಕಟ. ತೇಪೆಯನ್ನೂ ಆಗಲೇ ಆ ತೂತಿನ ಅಳತೆಗೆ ಸರಿಯಾಗಿ ಕತ್ತರಿಸಿಟ್ಟುಕೊಂಡಿದ್ದೆ. ಅವರು ಊಟಕ್ಕೆ ಎದ್ದು ಹೋಗಿದ್ದಾಗ ಎರಡು ಬೆರಳಗಲ ತುಕ್ಕನ್ನು ಹಾಗೇ ಬಿಟ್ಟು ಅದಕ್ಕೇ ಬೆಸೆದೆ. ಚಟಪಟ ಸಿಡಿದು, ಗುಳ್ಳೆ ಎದ್ದು, ಹೇಗೋ ಕಚ್ಚಿಕೊಂಡಿತು. ಅರ ಹಾಕಿ ನುಣುಪು ಮಾಡಿ ಕೆಂಪು ಬಣ್ಣ ಬಳಿದೆ.

ಅವರು ಬಂದು ಬ್ಯಾಟರಿ ಬಿಟ್ಟು ನೋಡಿ, "ಈ ಮೂಲೆ ಭೇಷಾಗಿ ಬಂದೈತೆ," ಅಂದರು. ಆ ವಾರವೆಲ್ಲ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಭಾನುವಾರ ಸಾವುಕಾರರು ಬಂದು ಚಪ್ಪಲಿ ಕಾಲಲ್ಲಿ ನೆಲದ ಮಧ್ಯಕ್ಕೆ ಜೋರಾಗಿ ತುಳಿದರು. "ಗಟ್ಟಿ ಐತೆ ಬಿಡ್ರಿ. ಬೀಗದಕೈ ತರ್ರಿ." ಯಜಮಾನರ ಮುಖ ಅರಳಿತು. ನನ್ನ ಕಣ್ಣು ಮಾತ್ರ ಮೂಲೆಯಲ್ಲೇ ಇತ್ತು. ಅದು ಕಿಟಕಿ ಪಕ್ಕದ ಜಾಗ. ಮಕ್ಕಳನ್ನು ಅಲ್ಲೇ ನಿಲ್ಲಿಸುವುದು.

"ಆ ಮೂಲೆ ನಿಲ್ಲಲ್ಲ, ಸಾವುಕಾರ್ರೆ," ಅಂದೆ. ಯಜಮಾನರು ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಒತ್ತಿದೆ. ಏನೂ ಬಲ ಹಾಕಲಿಲ್ಲ. ಬಣ್ಣದ ಸಮೇತ ಸೀಳಿ ಹಿಡಿಯ ತನಕ ಇಳಿಯಿತು.

"ಏನಮ್ಮ, ನೀವೇ ಮಾಡಿ ನೀವೇ ಕೆಡಿಸ್ತೀರಲ್ಲ!"

"ಎರಡು ದಿನ ಕೊಡ್ರಿ."

"ನಾಳೆ ತಪ್ಪಿದ್ರೆ ಮತ್ಯಾವಾಗೋ. ಕೈ ನೆಟ್ಟಗಿರೋರ ಹತ್ರ ರಾತ್ರಿಯೆಲ್ಲ ಕುಂತು ಮಾಡಿಸ್ತೀನಿ." ಅವರೇ ಸ್ಟಾರ್ಟ್ ಮಾಡಿ ದಾವಣಗೆರೆ ಕಡೆ ತಿರುಗಿಸಿಕೊಂಡು ಹೋದರು. ಉಳಿದ ಮೂರು ವ್ಯಾನೂ ಆಮೇಲೆ ನಮ್ಮಲ್ಲಿಗೆ ಬರಲಿಲ್ಲ.

ಮೂರನೇ ದಿನ ಯಜಮಾನರು ಊಟಕ್ಕೆ ಕೂತಾಗ, "ನೀನು ಚುಚ್ಚದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಅಂದರು.

"ನೀವು ಊಟಕ್ಕೆ ಹೋಗಿದ್ದಾಗ ಮಾಡಿದ್ದು ಅದು," ಅಂದೆ.

ಅವರು ಮುದ್ದೆ ಮುರಿಯುತ್ತಿದ್ದ ಎಡಗೈ ನಿಲ್ಲಿಸಿ ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ವೆಲ್ಡಿಂಗ್ ಟಾರ್ಚು ಅವರ ಕೈಗೇ ಹೋಯಿತು. ಕತ್ತರಿಸಬೇಕಾಗಿದ್ದದ್ದು ಇನ್ನೆರಡೇ ಬೆರಳಗಲ ತುಕ್ಕು. ಅಷ್ಟು ಮಾಡಿದ್ದರೆ ಆ ನೆಲ ನಿಲ್ಲುತ್ತಿತ್ತು ಅಂತ ನೆನಪಾದಾಗಲೆಲ್ಲ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.