ಹೆಬ್ಬೆರಳಿಗೆ ಕಟ್ಟಿದ ಹಗ್ಗ

ಆ ಹಳೆಯ ಹಿಂದಿ ಸಿನಿಮಾವನ್ನು ನಾನು ನೋಡಲೇಬಾರದಿತ್ತು. ಕಿವಿ ಕೇಳಿಸದ ಗಂಡ ಹೆಂಡತಿಯ ಸಂಸಾರದ ಕಥೆ. ನನ್ನ ಹಿಂದಿ, ಕಾಫಿ ಕೊಯ್ಲಿಗೆ ಬರುವ ಉತ್ತರದ ಆಳುಗಳಿಗೆ ‘ಜಲ್ದಿ, ಜಲ್ದಿ’ ಅನ್ನುವಲ್ಲಿಗೆ ಮುಗಿಯುತ್ತದೆ. ಆದರೆ ಅದರಲ್ಲಿ ಮಾತೇ ಕಡಿಮೆ, ಹಾಗಾಗಿ ಎಲ್ಲವೂ ಅರ್ಥವಾಗಿಬಿಟ್ಟಿತು. ನನ್ನ ತಂಗಿಗೂ ಅವಳ ಗಂಡನಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಕಳಸ ಪೇಟೆಯಲ್ಲಿ ಟೈಲರ್ ಅಂಗಡಿ, ಹಿಂದೆಯೇ ಮನೆ, ಐದು ತಿಂಗಳ ಕೂಸು. ಆ ಕೂಸು ಅತ್ತರೆ? ಅರ್ಧ ಸಿನಿಮಾಕ್ಕೇ ಟಿವಿ ಆರಿಸಿದೆ. ಮಗು ನಡೆಯುವವರೆಗೆ ತಾಯಿ ಮಗು ಇಬ್ಬರೂ ಸಂಸೆಯ ನಮ್ಮ ಮನೆಯಲ್ಲಿರಲಿ ಅಂತ ತೀರ್ಮಾನಿಸಿದೆ.

“ಬಾಣಂತನ ಮುಗಿಸಿ ಕಳಿಸಿ ಎರಡು ತಿಂಗಳಾಯ್ತು. ಅವಳಿಗೂ ಒಂದು ಸಂಸಾರ ಇದೆ ಮಾರಾಯ್ರೇ,” ಅಂದಳು ಹೆಂಡತಿ. “ಸಿನಿಮಾ ನೋಡಿ ಯಾರಾದ್ರೂ ಜೀಪು ಹತ್ತುತ್ತಾರಾ?”

ಹತ್ತಿದೆ. ಕಳಸದಲ್ಲಿ ಇಳಿಯುವಾಗ, ಮೂರು ಗಂಟೆಗೆ ತಾಯಿ ಮಗುವನ್ನು ಕರೆದೊಯ್ಯಲು ಬಾ ಅಂತ ಡ್ರೈವರನಿಗೂ ಹೇಳಿಟ್ಟೆ.

ನನ್ನನ್ನು ಕಂಡದ್ದೇ ತಂಗಿ ಹಣೆಯ ಮೇಲೆ ಮೂರು ಬೆರಳು ಎಳೆದು ಗಂಡನಿಗೆ ತೋರಿಸಿದಳು. ಅವರ ಕೈಭಾಷೆಯಲ್ಲಿ ನನ್ನ ಹೆಸರು ಅದು. ಹಣೆಗೆರೆ ಬೀಳುವಷ್ಟು ಚಿಂತೆ ಮಾಡುವವನು ಅಂತ ಏಳನೇ ವಯಸ್ಸಿಗೇ ಇಟ್ಟಿದ್ದಳು. ಬಂದ ಕಾರಣ ಕೈಯಲ್ಲಿ ಹೇಳಿದೆ. ಅವಳ ಗಂಡ ಹೊಲಿಗೆ ನಿಲ್ಲಿಸಿ ಅವಳ ಮುಖ ನೋಡಿದ. ಅವಳು ‘ಬರಲ್ಲ’ ಅಂತ ಒಮ್ಮೆ ಕೈಯಾಡಿಸಿ ಮತ್ತೆ ಕಾಜಾ ಹೊಲಿಯತೊಡಗಿದಳು.

ಆಗ ಕಂಡಿತು ಹಗ್ಗ. ಸೀರೆಯ ಜೋಲಿಯಿಂದ ನೆಲದ ಮೇಲೆ ಹಾದು ಬಂದು ಅವಳ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು. ಮಗು ಮಿಸುಕಿದರೆ ಬೆರಳು ಜಗ್ಗುತ್ತದಂತೆ. ದೇವರೇ! ಯಾರಾದರೂ ಎಡವಿದರೆ? ಜೋಲಿ ಮಗುಚಿದರೆ? ನಾನೇ ಕೂತು ಗಂಟು ಬಿಚ್ಚಿದೆ. ನನ್ನ ಎರಡೂ ಕಿವಿ ತೋರಿಸಿ, ನಾನಿದ್ದೀನಲ್ಲ, ನೀನು ಒಳಗೆ ಹೋಗು ಅಂದೆ. ಅವಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟು ಅಡಿಗೆಗೆ ಹೋದಳು.

ಕೂತೆ. ಕೂಸು ನಿದ್ದೆ ಮಾಡುತ್ತಿತ್ತು. ಸಿನಿಮಾದ ಆ ಸಂಸಾರ ಕೊನೆಗೆ ಏನಾಯಿತೋ ಅನ್ನುವ ಸಂಕಟ ಬಿಟ್ಟಿರಲಿಲ್ಲ. ಮಗು ಏಳಬಾರದೆಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೊಬೈಲಿನಲ್ಲಿ ಉಳಿದರ್ಧ ಹಾಕಿದೆ. ನೋಡುತ್ತಾ ಕಣ್ಣಲ್ಲಿ ನೀರೂ ಬಂತು.

ಯಾರೋ ಭುಜ ಹಿಡಿದು ಅಲುಗಾಡಿಸಿದರು. ರವಿಕೆ ಕೊಡಲು ಬಂದ ಹೆಂಗಸೊಬ್ಬರು ನನ್ನ ಮುಖದೆದುರು ತೋಳು ತೂಗಿ, ಬಾಯಿ ಅಗಲಿಸಿ, ಕಣ್ಣೊರೆಸಿ, ಮಗು ಅಳುವುದನ್ನು ಅಭಿನಯಿಸುತ್ತಿದ್ದರು. ಇಯರ್‌ಫೋನ್ ಕಿತ್ತೆ. ಕೂಸು ಕೆಂಪಾಗಿ ಕಿರುಚುತ್ತಿತ್ತು.

“ಗೊತ್ತಾಯ್ತಮ್ಮ,” ಅಂದೆ.

“ಅಯ್ಯೋ, ನಿಮಗೆ ಕಿವಿ ಕೇಳ್ತದಾ? ಮತ್ತೆ ಇಷ್ಟೊತ್ತು ಎಂತ ಮಾಡ್ತಿದ್ರಿ? ಮೂರು ಅಂಗಡಿಯಾಚೆಗೆ ಕೇಳ್ತಾ ಉಂಟು! ಆ ಹುಡುಗಿ ಒಬ್ಬಳೇ ಇದ್ದಾಗ ಒಂದು ದಿನ ಹೀಗೆ ಅತ್ತದ್ದಿಲ್ಲ.”

ಆ ಹೆಂಗಸೇ ಒಳಗೆ ಹೋಗಿ ಕರೆದದ್ದಕ್ಕೆ ಹಿಟ್ಟಿನ ಕೈಯಲ್ಲೇ ಬಂದ ತಂಗಿ ಕೂಸನ್ನೆತ್ತಿಕೊಂಡಳು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಹಾಲು ಕುಡಿಸಿ, ಮತ್ತೆ ಜೋಲಿಯಲ್ಲಿ ಮಲಗಿಸಿ, ಹಗ್ಗ ಹುಡುಕಿ ತಂದು ನನ್ನ ಬಲಗಾಲಿನ ಹೆಬ್ಬೆರಳಿಗೆ ಎರಡು ಸುತ್ತು ಬಿಗಿದಳು. ಗಂಟು ಸರಿಯಾಗಿದೆಯೇ ಅಂತ ಜಗ್ಗಿ ನೋಡಿದಳು. ರೊಟ್ಟಿ ಬಾಕಿ ಇತ್ತು, ಒಳಗೆ ಹೋದಳು. ಮೆಷಿನ್ನಿನ ಹಿಂದೆ ಅವಳ ಗಂಡನ ಭುಜ ನಗುವಿಗೆ ಕುಣಿಯುತ್ತಿತ್ತು.

ಮೂರಕ್ಕೆ ಜೀಪು ಬಂದು ನಿಂತಿತು. “ಏನಣ್ಣ, ತಾಯಿ ಮಗು ರೆಡಿನಾ?” ಅಂತ ಕೂಗಿದ ಡ್ರೈವರ್.

ಅಷ್ಟರಲ್ಲಿ ಬೆರಳು ಜಗ್ಗಿತು. ಕೂಸು ಇನ್ನೂ ಬಾಯಿ ತೆರೆದಿರಲಿಲ್ಲ.

“ಅವರು ಬರಲ್ಲ ಮಾರಾಯ,” ಅಂದೆ, ಜೋಲಿ ತೂಗುತ್ತಾ. “ನೀನು ಹೋಗು. ನಾನು ಐದರ ಬಸ್ಸಿಗೆ ಬರ್ತೀನಿ, ಬಿಚ್ಚಿ ಕಳಿಸಿದ್ರೆ.”